ದೃಢೀಕರಣ ತಂತ್ರಾಂಶ ಮತ್ತು 'ಟೈಪ್'

ಗಣಕಯಂತ್ರಕ್ಕೆ ಹೆಸರು ಮತ್ತು ಪಾಸ್‌ವರ್ಡ್ ನೀಡಿದಾಗ, ಬಂದಿರುವವರು ನಿಜವಾಗಿಯೂ ಆ ಹೆಸರಿನವರೇ ಎಂಬುದನ್ನು ಯಂತ್ರವು ಪರಿಶೀಲಿಸುತ್ತದೆ. ಈ ಕ್ರಿಯೆಗೆ ದೃಢೀಕರಣ ಎಂದು ಹೆಸರು. ಪಾಸ್‌ವರ್ಡನ್ನು ಗುಟ್ಟಾಗಿಡಬೇಕೆಂಬ ಎಚ್ಚರಿಕೆ ಎಲ್ಲರಿಗೂ ತಿಳಿದದ್ದೇ. ಆದರೆ ಗುಟ್ಟು ಗುಟ್ಟಾಗಿಯೇ ಉಳಿದಿದ್ದರೂ ಬಾಗಿಲು ತೆರೆದುಕೊಂಡ ಪ್ರಸಂಗಗಳಿವೆ. ಅಂಥದೊಂದಕ್ಕೆ ಕಾರಣವಾದದ್ದು ತಂತ್ರಾಂಶ ರಚನಕಾರರು 'ಟೈಪ್' ಎಂದು ಕರೆಯುವ ವಿಷಯ.

ಗಣಕದ ಸ್ಮೃತಿಯಲ್ಲಿರುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಅದೇ ಸಾಲನ್ನು ಸಂಖ್ಯೆಯೆಂದು ಓದಬಹುದು, ಅಕ್ಷರವೆಂದು ಓದಬಹುದು, ಸ್ಮೃತಿಯ ಮತ್ತೊಂದು ಸ್ಥಳದ ವಿಳಾಸವೆಂದೂ ಓದಬಹುದು. ಯಾವ ಬಗೆಯಲ್ಲಿ ಓದಬೇಕೆಂಬ ನಿಗದಿಯೇ ಟೈಪ್. ಬ್ಯಾಂಕಿನಲ್ಲಿ ಚೆಕ್ಕು, ಡಿಮಾಂಡ್ ಡ್ರಾಫ್ಟು, ಠೇವಣಿ ರಸೀದಿ ಮೂರರಲ್ಲಿಯೂ ಹೆಸರು, ಮೊತ್ತ, ಸಹಿ ಇರುತ್ತವೆ. ಆದರೂ ಕೌಂಟರಿನಲ್ಲಿರುವವರು ಮೊತ್ತವನ್ನು ನೋಡುವ ಮೊದಲು ಕಾಗದ ಯಾವುದೆಂದು ನೋಡುತ್ತಾರೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯು ಈ ವಿಷಯದಲ್ಲಿ ಬಹಳ ಉದಾರಿ. ಒಂದು ಬಗೆಯದನ್ನು ಮತ್ತೊಂದೆಂದು ತಿಳಿಯಲು ಅದು ಸುಲಭವಾಗಿ ಒಪ್ಪುತ್ತದೆ.

ಈ ಔದಾರ್ಯದ ಫಲ 2012ರಲ್ಲಿ ಬೆಳಕಿಗೆ ಬಂದಿತು. ಮೈಎಸ್‌ಕ್ಯುಎಲ್ ಎಂಬ ಪ್ರಸಿದ್ಧ ದತ್ತಸಂಚಯ ತಂತ್ರಾಂಶದಲ್ಲಿ, ಪಾಸ್‌ವರ್ಡಿನಿಂದ ಗಣಿಸಿದ ಎರಡು ಮೌಲ್ಯಗಳನ್ನು ಹೋಲಿಸಲು ಸಿ ಭಾಷೆಯ ಮೆಮ್‌ಸಿಎಂಪಿ ಎಂಬ ಫಂಕ್ಷನ್ನನ್ನು ಬಳಸಲಾಗಿತ್ತು. ಎರಡೂ ಒಂದೇ ಆಗಿದ್ದರೆ ಅದರ ಉತ್ತರ ಸೊನ್ನೆ. ಬೇರೆಯಾಗಿದ್ದರೆ ಸೊನ್ನೆಯಲ್ಲದ ಯಾವುದೋ ಒಂದು ಪೂರ್ಣಾಂಕ. ತಂತ್ರಾಂಶವು ಈ ಪೂರ್ಣಾಂಕವನ್ನು ಒಂದೇ ಬೈಟಿನಷ್ಟು ಚಿಕ್ಕ 'ಹೌದು-ಅಲ್ಲ' ಟೈಪಿನಲ್ಲಿ ಇರಿಸುತ್ತಿತ್ತು. ಒಂದು ಬೈಟಿನಲ್ಲಿ ಹಿಡಿಯುವುದು 256 ಬೇರೆ ಬೇರೆ ಮೌಲ್ಯಗಳು ಮಾತ್ರ. ಉತ್ತರ 256 ಎಂದು ಬಂದರೆ ಮೇಲಿನ ಅಂಕಿ ಕಳಚಿ ಬಿದ್ದು ಸೊನ್ನೆ ಉಳಿಯುತ್ತದೆ. ಸೊನ್ನೆ ಎಂದರೆ 'ಹೊಂದಿತು'! ಹಾಗಾಗಿ ತಪ್ಪು ಪಾಸ್‌ವರ್ಡ್ ಕೊಟ್ಟರೂ ಸುಮಾರು 256ಕ್ಕೆ ಒಂದು ಬಾರಿ ಪ್ರವೇಶ ದೊರೆಯುತ್ತಿತ್ತು. ಪ್ರತಿ ಪ್ರಯತ್ನಕ್ಕೂ ಹೊಸ ಯಾದೃಚ್ಛಿಕ ಸಾಲೊಂದು ಲೆಕ್ಕದಲ್ಲಿ ಸೇರುತ್ತಿದ್ದುದರಿಂದ ಅದೇ ತಪ್ಪನ್ನು ಮತ್ತೆ ಮತ್ತೆ ನೀಡಿದರೂ ಸಾಕಿತ್ತು. ಕೆಲವು ನೂರು ಪ್ರಯತ್ನಗಳು ಯಂತ್ರಕ್ಕೆ ಒಂದು ಕ್ಷಣದ ಕೆಲಸ. ಎಲ್ಲ ಪ್ರತಿಗಳಲ್ಲಿಯೂ ಹೀಗಾಗುತ್ತಿರಲಿಲ್ಲ. ಮೆಮ್‌ಸಿಎಂಪಿಯ ಉತ್ತರವು ಬೈಟಿನ ಮಿತಿಯನ್ನು ಮೀರಬಲ್ಲ ಕೆಲವು ವ್ಯವಸ್ಥೆಗಳಲ್ಲಿ ಮಾತ್ರ ದೋಷ ತಲೆದೋರುತ್ತಿತ್ತು. ಆದುದರಿಂದಲೇ ಪರೀಕ್ಷೆಗಳ ಕಣ್ಣಿಗೆ ಬೀಳದೆ ಉಳಿದಿರಬೇಕು. ಮರಿಯಾಡಿಬಿಯ ಸೆರ್ಗೆಯ್ ಗೊಲುಬ್ಚಿಕ್ ಇದನ್ನು ಬಹಿರಂಗಪಡಿಸಿದರು. ಪರಿಹಾರವಾದರೋ ಒಂದು ಸಾಲಿನದು: ಉತ್ತರವನ್ನು ಮೊದಲು ಸ್ಪಷ್ಟವಾಗಿ ಸೊನ್ನೆ ಅಥವಾ ಒಂದಕ್ಕೆ ಇಳಿಸಿ, ಅನಂತರ ಚಿಕ್ಕ ಟೈಪಿನಲ್ಲಿ ಇರಿಸುವುದು.

ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ದೃಢೀಕರಣದ ಹೊಣೆ ಹೊತ್ತಿರುವುದು ಪ್ಯಾಮ್ ಎಂಬ ಗ್ರಂಥಾಲಯ. (ಅನೇಕ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಭಾಗಗಳ ಸಂಗ್ರಹಕ್ಕೆ ಗ್ರಂಥಾಲಯ ಎನ್ನುತ್ತಾರೆ.) ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಸ್ಕೀಮರ್ಸ್ 1995ರಲ್ಲಿ ಇದರ ಪ್ರಸ್ತಾವವನ್ನು ಮಂಡಿಸಿದರು. ಪಾಸ್‌ವರ್ಡೋ ಬೆರಳಚ್ಚೋ ಬೇರಾವುದೋ, ಪರಿಶೀಲನೆಯ ವಿಧಾನವನ್ನು ಬದಲಿಸಿದರೂ ಮೂಲ ತಂತ್ರಾಂಶವನ್ನು ಮುಟ್ಟಬೇಕಾಗಿಲ್ಲವೆಂಬುದು ಅದರ ಹಿರಿಮೆ.

ಆದರೆ ಪ್ಯಾಮ್ ಕೂಡ ಸಿ ಭಾಷೆಯ ಕೂಸು. ಬಳಕೆದಾರರ ಹೆಸರು, ದೂರದ ಗಣಕದ ಹೆಸರು, ಸಂಭಾಷಣೆ ನಡೆಸುವ ಫಂಕ್ಷನ್ನಿನ ವಿವರ ಎಲ್ಲವೂ ಒಂದೇ ಕಿಟಕಿಯಿಂದ ಬರುತ್ತವೆ. ಕೇಳುವಾಗ ಒಂದು ಕ್ರಮಸಂಖ್ಯೆ ಕೊಡಬೇಕು. ದೊರೆಯುವುದು 'ವಾಯ್ಡ್ ಪಾಯಿಂಟರ್', ಎಂದರೆ ಒಳಗೇನಿದೆಯೆಂದು ಬರೆದಿರದ ಲಕೋಟೆ. ಹೆಸರಿನ ಬದಲು ಬೇರೊಂದನ್ನು ತೆರೆದು ಹೆಸರೆಂದೇ ಓದಿದರೂ ಭಾಷಾಂತರಿಸುವ ಕಂಪೈಲರ್ ಆಕ್ಷೇಪಿಸುವುದಿಲ್ಲ. ಇನ್ನೊಂದು ತೊಡಕು: ಪ್ಯಾಮ್‌ನಲ್ಲಿ ಯಶಸ್ಸಿನ ಸಂಕೇತ ಸೊನ್ನೆ, ಸಿ ಭಾಷೆಯಲ್ಲಾದರೋ ಸೊನ್ನೆ ಎಂದರೆ 'ಸುಳ್ಳು'. ಮೂರನೆಯದು ಇನ್ನೂ ಸೂಕ್ಷ್ಮ. ಬಳಕೆದಾರರಿಗೆ ತೋರಿಸಬೇಕಾದ ಸಂದೇಶಗಳ ಸಾಲಿನ ಟೈಪನ್ನು ಸೋಲಾರಿಸ್ ಒಂದು ರೀತಿ, ಲಿನಕ್ಸ್ ಇನ್ನೊಂದು ರೀತಿ ಅರ್ಥೈಸಿವೆ. ಸಂದೇಶ ಒಂದೇ ಇದ್ದಾಗ ಎರಡೂ ಸರಿಯಾಗಿ ನಡೆಯುತ್ತವೆ. ಎರಡನೆಯ ಸಂದೇಶ ಬಂದಾಗ ತಪ್ಪು ಸ್ಥಳವನ್ನು ಓದುವ ಅಪಾಯವಿದೆ.

ಇದನ್ನು ಸರಳಗೊಳಿಸುವ ಮಾರ್ಗವೆಂದರೆ ಪ್ರತಿಯೊಂದು ಬಗೆಗೂ ಅದರದೇ ಟೈಪ್ ನೀಡುವುದು. ರಸ್ಟ್ ಭಾಷೆಯಲ್ಲಿ ಪ್ಯಾಮ್ ನೀಡುವ ಸಂಖ್ಯೆಯನ್ನು ಒಳಬರುವಾಗಲೇ 'ಯಶಸ್ಸು' ಅಥವಾ 'ಇಂಥ ದೋಷ' ಎಂಬ ಹೆಸರುಳ್ಳ ಟೈಪಿಗೆ ಪರಿವರ್ತಿಸಬಹುದು. ಅನಂತರ ಅದನ್ನು 'ಹೌದು-ಅಲ್ಲ' ಎಂದು ಬಳಸಹೊರಟರೆ ಕಂಪೈಲರ್ ಒಪ್ಪುವುದಿಲ್ಲ. ನೋಡದೆ ಕೈಬಿಟ್ಟರೆ ಎಚ್ಚರಿಕೆ ಕೊಡುತ್ತದೆ. ಆಡಳಿತಾಧಿಕಾರ ಪಡೆಯಲು ಬಳಸುವ ಸುಡೋ ಆಜ್ಞೆಯನ್ನು ಸುಡೋ-ಆರ್‌ಎಸ್ ಎಂಬ ಹೆಸರಿನಲ್ಲಿ ಇದೇ ಭಾಷೆಯಲ್ಲಿ ಹೊಸದಾಗಿ ಬರೆಯಲಾಗಿದ್ದು, 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10 ಅದನ್ನೇ ಸ್ವೀಕರಿಸಿದೆ.

ಹೊಸ ಸುಡೋ ಕೂಡ ಪಾಸ್‌ವರ್ಡ್ ಪರಿಶೀಲನೆಗೆ ಅದೇ ಹಳೆಯ ಪ್ಯಾಮ್‌ನ ಬಳಿಗೇ ಹೋಗುತ್ತದೆ. ವಾಯ್ಡ್ ಪಾಯಿಂಟರ್ ಅಲ್ಲಿ ಇನ್ನೂ ಉಳಿದಿದೆ. ಆದರೆ ಅದನ್ನು ಮುಟ್ಟುವ ಸಾಲುಗಳನ್ನು 'ಅನ್‌ಸೇಫ್' ಎಂದು ಗುರುತು ಹಾಕಿ ಬೇರೆಯಾಗಿ ಇರಿಸಲಾಗುತ್ತದೆ. ಪರಿಶೋಧಕರು ಮೊದಲು ತೆರೆದು ನೋಡುವುದು ಆ ಸಾಲುಗಳನ್ನೇ.