ಹ್ಯಾರಿಸನ್ನಿನ ಅಳಿದ ಆಟದಂಗಳ, ಉಳಿದ ರಟ್ಟಿನ ಚೂರು



ಮ್ಯಾನ್‌ಹ್ಯಾಟನ್ನಿನಿಂದ ಪಾತ್ ರೈಲಿನಲ್ಲಿ ನ್ಯೂವಾರ್ಕಿಗೆ ಹೋಗುವವರು ಕೊನೆಯ ನಿಲ್ದಾಣಕ್ಕೆ ಮುನ್ನ ಹ್ಯಾರಿಸನ್ನನ್ನು ಕಾಣುತ್ತಾರೆ. 2010ರಲ್ಲಿ ಇಲ್ಲಿ ತೆರೆದ ಕಾಲ್ಚೆಂಡಿನ ಕ್ರೀಡಾಂಗಣವನ್ನು ನಾವೆಲ್ಲರೂ ಬಲ್ಲೆವು. ಆದರೆ ಅದಕ್ಕೂ ತೊಂಬತ್ತೈದು ವರ್ಷ ಮುಂಚೆ ಇದೇ ಊರಿನಲ್ಲಿ ಇನ್ನೊಂದು ಆಟದಂಗಳವಿತ್ತೆಂಬುದನ್ನು ಬಲ್ಲವರು ವಿರಳ.

1914ರಲ್ಲಿ ಫೆಡರಲ್ ಲೀಗ್ ಎಂಬ ಬೇಸ್‌ಬಾಲ್ ಕೂಟವು ಹಳೆಯ ಎರಡು ಕೂಟಗಳಿಗೆ ಸವಾಲೆಸೆಯಿತು. ಆ ವರ್ಷದ ವಿಜಯಿಯಾದ ಇಂಡಿಯಾನಾಪೊಲಿಸ್ ತಂಡವನ್ನು 1915ರಲ್ಲಿ ತೈಲೋದ್ಯಮಿ ಹ್ಯಾರಿ ಸಿಂಕ್ಲೇರ್ ನ್ಯೂವಾರ್ಕಿಗೆ ತಂದರು. ನ್ಯೂವಾರ್ಕ್ ಪೆಪ್ಪರ್ಸ್ ಎಂಬ ಹೊಸ ಹೆಸರು ಪಡೆದ ಆ ತಂಡ ಆಡಿದ್ದು ಮಾತ್ರ ನದಿಯಾಚೆ, ಹ್ಯಾರಿಸನ್ ಪಾರ್ಕಿನಲ್ಲಿ. ಮುಂದೆ 1962ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಎಡ್ ರೌಷ್ ಮತ್ತು ಬಿಲ್ ಮೆಕೆಕ್ನಿ ಇಬ್ಬರೂ ಆ ತಂಡದಲ್ಲಿದ್ದರು. ಎಂಟು ತಂಡಗಳಲ್ಲಿ ಐದನೆಯ ಸ್ಥಾನ ಗಳಿಸಿದ್ದೇ ಅದರ ಸಾಧನೆ. ವರ್ಷ ಮುಗಿಯುವಷ್ಟರಲ್ಲಿ ಲೀಗ್ ಮುಚ್ಚಿತು. 1924ರಲ್ಲಿ ಆಟದಂಗಳವೂ ಬೆಂಕಿಗೆ ಆಹುತಿಯಾಯಿತು.

ಹಾಗಾದರೆ ಉಳಿದದ್ದೇನು? ಅಂಗೈಯಲ್ಲಿ ಅಡಗುವ ರಟ್ಟಿನ ಚೂರುಗಳು. ಕ್ರ್ಯಾಕರ್ ಜಾಕ್ ಎಂಬ ಬೆಲ್ಲಪಾಕದ ಜೋಳದರಳಿನ ತಯಾರಕರು 1914ರಲ್ಲಿ 144, 1915ರಲ್ಲಿ 176 ಆಟಗಾರರ ಚಿತ್ರಗಳನ್ನು ಹೊರತಂದರು. ಫೆಡರಲ್ ಲೀಗಿನವರಿಗೂ, ನಮ್ಮ ಈ ನ್ಯೂವಾರ್ಕ್ ತಂಡದವರಿಗೂ ಅವುಗಳಲ್ಲಿ ಸ್ಥಾನ ದೊರೆಯಿತು. 1914ರ ಚಿತ್ರಗಳು ತಿಂಡಿಯ ಡಬ್ಬಿಯೊಳಗೇ ಬರುತ್ತಿದ್ದುದರಿಂದ ಪಾಕದ ಕಲೆ ಹತ್ತಿ ಕೆಟ್ಟವು. 1915ರಲ್ಲಾದರೋ ಕೂಪನ್ನುಗಳನ್ನು ಕಳುಹಿಸಿ ಇಡೀ ಸಂಪುಟವನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಅವಕಾಶವಿತ್ತು. ಆದ್ದರಿಂದಲೇ ಆ ವರ್ಷದವು ಇಂದಿಗೂ ಹೆಚ್ಚು ಸ್ವಚ್ಛವಾಗಿ ಸಿಗುತ್ತವೆ. ಒಂದು ವಸ್ತು ನಮ್ಮ ಕೈ ಸೇರಿದ ದಾರಿಯೇ ಅದರ ಮೈಮೇಲಿನ ಚರಿತ್ರೆಯಾಗುತ್ತದೆ.

ಈ ಪುರಾತನ ಸಂಗತಿ ನಮಗೇಕೆ ಎಂದು ತಾವು ಕೇಳಬಹುದು. 1965ರ ವಲಸೆ ಕಾನೂನಿನ ನಂತರ ಬಂದ ನಮ್ಮ ಕುಟುಂಬಗಳ ಮಕ್ಕಳು ಎಂಬತ್ತು ತೊಂಬತ್ತರ ದಶಕಗಳಲ್ಲಿ ಶಾಲೆಯ ಬಸ್ಸಿನಲ್ಲಿ ಈ ಕಾರ್ಡುಗಳನ್ನು ವಿನಿಮಯ ಮಾಡಿಕೊಂಡೇ ಇಲ್ಲಿಯವರಾದರು. ಊರಿನಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಹಾಕಿದ್ದ ತಂದೆಯರಿಗೆ ಆ ಹುಚ್ಚು ಅಪರಿಚಿತವೇನಲ್ಲ. ಆದರೂ ಓದು ಬಿಟ್ಟು ಇದೇನೆಂದು ಗದರಿದವರು ನಾವೇ. ಆ ಮಕ್ಕಳಿಗೆ ಇಂದು ನಲವತ್ತು, ಐವತ್ತರ ಪ್ರಾಯ. ತಂದೆತಾಯಿಯರ ಮನೆ ಖಾಲಿ ಮಾಡುವಾಗ ನೆಲಮಾಳಿಗೆಯಲ್ಲಿ ಬೂಟಿನ ಪೆಟ್ಟಿಗೆ ಸಿಗುತ್ತದೆ. ಹಳೆಯ ಹವ್ಯಾಸ ಮರುಕಳಿಸುತ್ತದೆ. ಜೊತೆಗೆ ಸಂಪತ್ತಿನ ಕನಸೂ ಮೂಡುತ್ತದೆ.

ಕನಸು ಒಡೆಯುವುದು ಇಲ್ಲಿಯೇ. ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯ 1952ರ ಕಾರ್ಡುಗಳು ಮಾರಾಟವಾಗದೆ ಉಳಿದಾಗ, 1960ರಲ್ಲಿ ನೂರಾರು ಪೆಟ್ಟಿಗೆಗಳನ್ನು ದೋಣಿಗೆ ತುಂಬಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದುದಾಗಿ ಅವುಗಳ ವಿನ್ಯಾಸಕಾರ ಸೈ ಬರ್ಗರ್ ಹೇಳುತ್ತಿದ್ದರು. ಅದೇ ಮಾಲೆಯ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅದಕ್ಕೆ ವ್ಯತಿರಿಕ್ತವಾಗಿ 1981ರಿಂದ ಫ್ಲೀರ್, ಡಾನ್‌ರಸ್, 1989ರಲ್ಲಿ ಅಪ್ಪರ್ ಡೆಕ್ ಎಂದು ಕಂಪನಿಗಳು ಹೆಚ್ಚಿದವು, ಮುದ್ರಣ ಮಿತಿಮೀರಿತು, ಬೆಲೆ ಬಂದೀತೆಂದು ಎಲ್ಲರೂ ಜೋಪಾನ ಮಾಡಿದರು. ಎಲ್ಲರೂ ಉಳಿಸಿದ್ದು ಅಗ್ಗವಾಯಿತು, ಎಲ್ಲರೂ ಎಸೆದದ್ದು ದುಬಾರಿಯಾಯಿತು. ನಮ್ಮ ಮಕ್ಕಳ ಪೆಟ್ಟಿಗೆಗಳು ಬಹುಮಟ್ಟಿಗೆ ಈ ಅಗ್ಗದ ಕಾಲದವು.

ಬಹುಕಾಲದ ಬಳಿಕ ಹಿಂದಿರುಗಿದವರಿಗೆ ಹೊಸತಾಗಿ ಕಾಣುವುದು ಶ್ರೇಣೀಕರಣ ಪದ್ಧತಿ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಪಿಎಸ್ಎ ಸಂಸ್ಥೆ ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರದ ಸಮತೋಲ ಇವನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗಿನ ಅಂಕವಿತ್ತು, ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತುತ್ತದೆ. ಅದರ ಪ್ರತಿಸ್ಪರ್ಧಿ ಎಸ್‌ಜಿಸಿ ನಮ್ಮ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಬಹುಕಾಲ ನಡೆಯಿತು. 2024ರಲ್ಲಿ ಪಿಎಸ್ಎಯ ಮಾತೃಸಂಸ್ಥೆ ಅದನ್ನು ಕೊಂಡಿತು. ಮಹಾಮಾರಿಯ ಕಾಲದಲ್ಲಿ ಹಿಂದಿರುಗಿದವರ ಪ್ರವಾಹ ಎಷ್ಟಿತ್ತೆಂದರೆ, 2021ರ ಮಾರ್ಚ್ ಅಂತ್ಯದಲ್ಲಿ ಪಿಎಸ್ಎ ತನ್ನ ಬಹುತೇಕ ಸೇವೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಆದರೆ ಅಂಕವೇ ಸತ್ಯವಲ್ಲ. 1909ರಿಂದ 1911ರವರೆಗೆ ಸಿಗರೇಟಿನ ಪೊಟ್ಟಣಗಳಲ್ಲಿ ಬಂದ ಮಾಲೆಯ ಹೋನಸ್ ವ್ಯಾಗ್ನರ್ ಕಾರ್ಡು ಈ ಲೋಕದ ಕೌಸ್ತುಭವೆನ್ನಿಸಿದೆ. ಅದರ ಪ್ರತಿಯೊಂದಕ್ಕೆ 1991ರಲ್ಲಿ ಎಂಟರ ಅಂಕ ದೊರೆತಿತ್ತು. ಅದರ ಅಂಚನ್ನು ತಾನೇ ಕತ್ತರಿಸಿದ್ದೆನೆಂದು ಹಿಂದೆ ಅದನ್ನು ಮಾರಿದ್ದ ವ್ಯಾಪಾರಿ 2013ರಲ್ಲಿ ಒಪ್ಪಿಕೊಂಡನು. ಅಂದಗೊಳಿಸಲು ಹೊರಟ ಕೈ ಚರಿತ್ರೆಯನ್ನೇ ಕತ್ತರಿಸಿತು.

ಆದ್ದರಿಂದ ಪೆಟ್ಟಿಗೆ ತೆರೆಯುವವರಿಗೆ ನಮ್ಮ ವಿನಂತಿ ಇಷ್ಟು. ಒರೆಸಬೇಡಿ, ಕತ್ತರಿಸಬೇಡಿ, ರಬ್ಬರ್ ಪಟ್ಟಿಯನ್ನು ಮೆಲ್ಲನೆ ಬಿಚ್ಚಿರಿ, ತೇವ ಬಿಸಿಲುಗಳಿಂದ ದೂರವಿಡಿ. ಶ್ರೇಣೀಕರಣದ ಶುಲ್ಕಕ್ಕಿಂತ ಕಾರ್ಡಿನ ಬೆಲೆ ಹೆಚ್ಚೇ ಎಂದು ಮೊದಲು ವಿಚಾರಿಸಿರಿ. ಎಂಬತ್ತರ ದಶಕದ ಕೊನೆಯ ಬಹುಪಾಲು ಕಾರ್ಡುಗಳಿಗೆ ಅದು ನಷ್ಟದ ಬಾಬತ್ತು. ಬೆಲೆಯಿಲ್ಲವೆಂದು ತಿಳಿದ ಮೇಲೆಯೂ ಎಸೆಯುವ ಮುನ್ನ ಅದನ್ನು ಕೂಡಿಸಿದ ಮಗನನ್ನೋ ಮಗಳನ್ನೋ ಒಮ್ಮೆ ಕೇಳಿರಿ.

ಅದೇ ನೆಲಮಾಳಿಗೆಯಲ್ಲಿ ಇನ್ನೊಂದು ಪೆಟ್ಟಿಗೆ ಇದ್ದೀತು: ಊರಿನಿಂದ ಬಂದ ನೀಲಿ ಅಂತರ್ದೇಶೀಯ ಪತ್ರಗಳಲ್ಲ, ಸಾಗರ ದಾಟಿ ಬಂದ ಏರೋಗ್ರಾಮುಗಳು, ಮೊದಲ ರಾಜ್ಯೋತ್ಸವದ ಕರಪತ್ರ, ಹೆಸರು ಬರೆಯದ ಭಾವಚಿತ್ರಗಳು. ಇವಕ್ಕೆ ಅಂಕ ಕೊಡುವವರು ಯಾರೂ ಇಲ್ಲ. ಕಾರ್ಡಿನ ಹಿಂಬದಿಯಲ್ಲಿ ಆಟಗಾರನ ಹೆಸರು, ತಂಡ ಅಚ್ಚಾಗಿದ್ದುದರಿಂದಲೇ ಹ್ಯಾರಿಸನ್ನಿನಲ್ಲಿ ಒಂದೇ ವರ್ಷ ಆಡಿದವರನ್ನು ನಾವಿಂದು ಗುರುತಿಸಬಲ್ಲೆವು. ನಮ್ಮ ಭಾವಚಿತ್ರಗಳ ಹಿಂಬದಿಯಲ್ಲಿಯೂ ಹೆಸರು, ಊರು, ಇಸವಿಗಳನ್ನು ಬಲ್ಲವರು ಇರುವಾಗಲೇ ಬರೆದಿಡೋಣ.