ಕೊಡೋ ಕೈಗೂ ಕಾನೂನು

ನಮ್ಮೂರಲ್ಲಿ ಡಾಕ್ಟರ್ ಬರೆದ ಚೀಟಿಗೆ ಎದುರು ಮಾತಿಲ್ಲ. ಸಾಲ ಮಾಡಿಯಾದರೂ ಔಷಧಿ ತರ್ತಾರೆ. ಔಷಧ ಕಂಪನಿಗಳ ಉಡುಗೊರೆ ಗುರಿ ಇಡೋದು ಆ ಚೀಟಿಗೇ.

ಕಂಪನಿಗಳಿಂದ ಡಾಕ್ಟರುಗಳು ಉಡುಗೊರೆ, ಪ್ರವಾಸ, ನಗದು ಪಡೆಯಬಾರದು ಅಂತ ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರ್‌ನಲ್ಲಿ ನಿಯಮ ತಂತು. ಅದು ಕಟ್ಟಿಹಾಕಿದ್ದು ತಗೊಳ್ಳೋ ಕೈಯನ್ನು ಮಾತ್ರ. ಕೊಡೋ ಕಂಪನಿ ಪರಿಷತ್ತಿನ ವ್ಯಾಪ್ತಿಗೇ ಬರ್ತಿರಲಿಲ್ಲ. ಅಷ್ಟೇ ಅಲ್ಲ, ಕೊಟ್ಟದ್ದನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ಆದಾಯ ತೆರಿಗೆ ಉಳಿಸೋಕೂ ನೋಡ್ತಿದ್ರು. ಇದು ನಡೆಯಲ್ಲ ಅಂತ 2012ರಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿತು.

ಜಿಂಕೋವಿಟ್ ಪ್ರಚಾರಕ್ಕೆ ಅಪೆಕ್ಸ್ ಲ್ಯಾಬೊರೇಟರೀಸ್ ಡಾಕ್ಟರುಗಳಿಗೆ ಕೊಟ್ಟ ಉಡುಗೊರೆಗಳ ಸುಮಾರು 4.72 ಕೋಟಿ ರೂಪಾಯಿ ಲೆಕ್ಕ ಸುಪ್ರೀಂ ಕೋರ್ಟ್ ತನಕ ಹೋಯ್ತು. ತಗೊಳ್ಳೋದು ನಿಷಿದ್ಧವಾದರೆ ಕೊಟ್ಟವರಿಗೂ ವಿನಾಯಿತಿ ಇಲ್ಲ, ಆ ದುಡ್ಡು ಔಷಧದ ಬೆಲೆಯಲ್ಲೇ ಸೇರಿರುತ್ತೆ ಅಂತ ಕೋರ್ಟ್ ಹೇಳಿದ್ದು 2022ರ ಫೆಬ್ರವರಿಯಲ್ಲಿ. ಅಂದರೆ ಉಡುಗೊರೆಯ ಬಿಲ್ಲು ಕಟ್ಟೋದು ಚೀಟಿ ಹಿಡಿದು ನಿಂತ ರೋಗಿ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳಿಗೂ ಹೊಸ ನೀತಿಸಂಹಿತೆ ತಂತು. ಆದರೆ ದೂರು ವಿಚಾರಿಸೋ ಸಮಿತಿ ಉದ್ಯಮದ ಸಂಘಗಳದ್ದೇ. ಕೋಡ್ ಬರೆದವನೇ ಟೆಸ್ಟ್ ಮಾಡಿ ಪಾಸ್ ಅಂದರೆ ನಮ್ಮ ಆಫೀಸುಗಳಲ್ಲಿ ಒಪ್ತೀವಾ?