ಅಂಟು ಬಿಡಿಸುವ ನೂರು ವರ್ಷದ ಕತೆ

ಕಾರಿನ ಹಳೇ ಸ್ಟಿಕರ್ ಕೀಳಲು ಹೋಗಿ ಬಣ್ಣವನ್ನೂ ಕಿತ್ತುಕೊಂಡವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಈ ಗೋಳು ಇಂದಿನದಲ್ಲ, ಇದಕ್ಕೆ ನೂರು ವರ್ಷ ದಾಟಿದೆ. ಇದೇ ಗೋಳಿನಿಂದ ಹುಟ್ಟಿದ ವಸ್ತುವೊಂದು ಇಂದು ಪ್ರತಿ ಗ್ಯಾರೇಜಿನಲ್ಲೂ ಇದೆ.

ಮೊದಮೊದಲ ಕಾರುಗಳಿಗೆ ಎಣ್ಣೆ ವಾರ್ನಿಷ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಳೇ ಬೇಕಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ನೈಟ್ರೋಸೆಲ್ಯುಲೋಸ್ ಬಣ್ಣ ಕಾರುಗಳಿಗೆ ಬಂತು. ಬಹಳ ಬೇಗ ಒಣಗುವ ಆ ಬಣ್ಣದ ಹೆಸರು ಡ್ಯೂಕೋ. ನಮ್ಮ ಪೇಂಟರುಗಳು, ಫರ್ನಿಚರ್ ಅಂಗಡಿಯವರು ಇಂದಿಗೂ 'ಡ್ಯೂಕೋ ಪೇಂಟ್' ಎನ್ನುತ್ತಾರಲ್ಲ, ಅದು ಅಲ್ಲಿಂದ ಬಂದ ಮಾತು.

ಆಗ ಎರಡು ಬಣ್ಣದ ಕಾರಿನ ಶೋಕಿ ಶುರುವಾಗಿತ್ತು. ಒಂದು ಬಣ್ಣ ಹೊಡೆಯುವಾಗ ಇನ್ನೊಂದನ್ನು ಮುಚ್ಚಬೇಕು. ಅದಕ್ಕೆ ಕಾಗದ ಅಂಟಿಸುತ್ತಿದ್ದರು. ಕೀಳುವಾಗ ಹೊಸ ಬಣ್ಣವೂ ಎದ್ದು ಬರುತ್ತಿತ್ತು. ಸೇಂಟ್ ಪಾಲ್ ನಗರದ ಗ್ಯಾರೇಜೊಂದಕ್ಕೆ ಸ್ಯಾಂಡ್‌ಪೇಪರ್ ಒಯ್ದಿದ್ದ ತ್ರೀ-ಎಂ ಕಂಪನಿಯ ರಿಚರ್ಡ್ ಡ್ರೂ ಎಂಬ ಯುವಕ ಅಲ್ಲಿನ ಪೇಂಟರುಗಳ ಬೈಗುಳ ಕೇಳಿಸಿಕೊಂಡ. ಹಿಡಿಯಬೇಕಾದಾಗ ಹಿಡಿದು, ಬಿಡಬೇಕಾದಾಗ ಬಿಡುವ ಅಂಟಿಗಾಗಿ ಹೆಣಗಿ 1925ರಲ್ಲಿ ಮಾಸ್ಕಿಂಗ್ ಟೇಪ್ ತಯಾರಿಸಿದ.

ಈಗ ನಮ್ಮೂರಿಗೆ ಬನ್ನಿ. ಮಾಟುಂಗದಲ್ಲಿ ಸ್ಲೋ ಗಾಡಿ ಹತ್ತಿದರೆ ಮುಂದೆ ಸಾಯನ್, ಆಮೇಲೆ ಕುರ್ಲಾ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇದ್ದದ್ದು ಅಲ್ಲಿ. ದೇಶದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ ಓಡಾಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದರು. ಆ ಕಾರ್ಖಾನೆಯ ಪದ್ಮಿನಿ ಮುಂಬೈಯ ಟ್ಯಾಕ್ಸಿಯಾಯಿತು: ಮೈ ಕಪ್ಪು, ತಲೆ ಹಳದಿ. ಎರಡು ಬಣ್ಣದ ಕಾರಿಗೆ ಇದಕ್ಕಿಂತ ಉದಾಹರಣೆ ಬೇಕೇ? 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತೆಗಳಲ್ಲಿ ಇಲ್ಲ.

ಆ ಕಾಲದ ಕಾರುಗಳ ಕ್ರೋಮ್ ಪಟ್ಟಿಗಳು ಹೆಚ್ಚಾಗಿ ಕ್ಲಿಪ್ಪು, ಸ್ಕ್ರೂಗಳಲ್ಲಿ ನಿಲ್ಲುತ್ತಿದ್ದವು. 1980ರಲ್ಲಿ ಅದೇ ತ್ರೀ-ಎಂ ಕಂಪನಿ ಎರಡೂ ಕಡೆ ಅಂಟಿರುವ, ಬಲು ಗಟ್ಟಿಯಾದ ಫೋಮ್ ಟೇಪ್ ತಂದಿತು. ಬರಬರುತ್ತಾ ಲೋಗೋ, ಬಾಗಿಲಿನ ಪಟ್ಟಿ, ಮಳೆಗಾಲದ ರೇನ್ ವೈಸರ್ ಎಲ್ಲವೂ ಇಂಥ ಟೇಪಿನ ಮೇಲೆ ನಿಂತವು. ಬಿಡುವ ಟೇಪ್ ಮಾಡಿದವರೇ ಬಿಡದ ಟೇಪನ್ನೂ ಮಾಡಿದರು!

ಬಣ್ಣವೂ ಬದಲಾಯಿತು. ಡ್ಯೂಕೋ ಜಾತಿಯ ಎನ್.ಸಿ. ಬಣ್ಣ ಒಣಗಿ ವರ್ಷಗಳಾದರೂ ಥಿನ್ನರ್ ತಾಗಿದರೆ ಕರಗುತ್ತದೆ. ಉಗುರುಬಣ್ಣವೂ ಅದೇ ಜಾತಿಯದು, ಆದ್ದರಿಂದಲೇ ರಿಮೂವರಿಗೆ ಬಿಡುತ್ತದೆ. ಇಂದಿನ ಕಾರ್ಖಾನೆಯ ಬಣ್ಣವನ್ನು ಬಿಸಿಯಲ್ಲಿ ಬೇಯಿಸುತ್ತಾರೆ, ಮೇಲೊಂದು ಕ್ಲಿಯರ್ ಕೋಟ್ ಇರುತ್ತದೆ. ಅದು ಸುಲಭಕ್ಕೆ ಕರಗುವುದಿಲ್ಲ. ಆದರೆ ಡಿಕ್ಕಿಯಾದ ಮೇಲೆ ಸಣ್ಣ ಗ್ಯಾರೇಜಿನಲ್ಲಿ ಹೊಡೆಸಿದ ಬಾಗಿಲಿಗೆ ಎನ್.ಸಿ. ಬಣ್ಣವೇ ಇರಬಹುದು. ಒಂದೇ ಕಾರು, ಎರಡು ಕಾಲದ ಬಣ್ಣ. ಅಪಾಯ ಇರುವುದು ಇಲ್ಲೇ. ಬಲಗಡೆ ಬಾಗಿಲಿಗೆ ಏನೂ ಮಾಡದ ದ್ರಾವಣ ಎಡಗಡೆಯದನ್ನು ಹಾಳುಮಾಡಬಹುದು. ಹಳೇ ಕಾರು ಕೊಂಡವರಂತೂ ಇದನ್ನು ಮರೆಯಬಾರದು.

ಹಾಗಾದರೆ ಏನು ಮಾಡಬೇಕು? ಬ್ಲೇಡು, ಥಿನ್ನರ್, ರಿಮೂವರ್ ದೂರ ಇಡಿ. ಸುತ್ತಲಿನ ಧೂಳು ತೊಳೆದು, ಹೇರ್ ಡ್ರೈಯರಿನಿಂದ ಕೈ ತಾಳುವಷ್ಟು ಬಿಸಿ ಮಾಡಿ. ಸ್ಟಿಕರನ್ನು ಒಂದು ಮೂಲೆಯಿಂದ ಮಡಚಿ ನಿಧಾನವಾಗಿ ಎಳೆಯಿರಿ. ಲೋಗೋ ಆದರೆ ಅದರ ಹಿಂದೆ ನೈಲಾನ್ ದಾರ ತೂರಿಸಿ, ಗರಗಸದಂತೆ ಆಡಿಸಿ ಫೋಮನ್ನು ಕೊಯ್ಯಿರಿ. ಉಳಿದ ಅಂಟನ್ನು ಹೆಬ್ಬೆರಳಿನಲ್ಲಿ ಉಜ್ಜಿ ಉಂಡೆ ಮಾಡಿ ತೆಗೆಯಿರಿ. ಆಮೇಲೂ ಉಳಿದರೆ ಮೆತ್ತನೆ ಬಟ್ಟೆಯಲ್ಲಿ ಕೊಬ್ಬರಿಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ನೆನೆಯಲು ಬಿಡಿ. ಅದಕ್ಕೂ ಜಗ್ಗದಿದ್ದರೆ ಮಾತ್ರ ಟರ್ಪೆಂಟೈನ್. ಆಗ ಡ್ರೈಯರ್ ಆರಿಸಿರಬೇಕು, ಹತ್ತಿರ ಬೆಂಕಿ ಇರಬಾರದು, ಮೊದಲು ಅದೇ ಬಾಗಿಲಿನ ಕಾಣದ ಅಂಚಿನಲ್ಲಿ ಹಚ್ಚಿ ನೋಡಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕೊನೆಗೆ ಶಾಂಪೂ ಹಾಕಿ ತೊಳೆಯಿರಿ.

ಅಂದಹಾಗೆ, ಬರುವ ಆಯುಧಪೂಜೆಗೆ ಬಾಳೆಕಂಬ ಕಟ್ಟುವಾಗ ಪಾರ್ಸೆಲ್ ಟೇಪ್ ಬಿಟ್ಟು ದಾರ ಅಥವಾ ಮಾಸ್ಕಿಂಗ್ ಟೇಪ್ ಬಳಸಿ. ಅದು ಕೀಳುವುದಕ್ಕಾಗಿಯೇ ಹುಟ್ಟಿದ ಟೇಪು.